ಆ ಮೂಲೇಲಿ ಮೊದಲು ಏನಿತ್ತು?

2024ರ ಜುಲೈ. ಬೆಳಿಗ್ಗೆ ಹತ್ತೂವರೆಗೆ ಆಫೀಸಿನ ಮೀಟಿಂಗ್‌ನಲ್ಲಿ ಕೂತಿದ್ದೆ. ತಮ್ಮ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ. ಕೆಳಗೆ ಒಂದೇ ಸಾಲು, "ಅಕ್ಕಾ, ಅಡುಗೆಮನೆ ಗೋಡೆ ನೋಡು."

ಕಿಟಕಿಯ ಕೆಳಮೂಲೆಯಿಂದ ನೆಲದವರೆಗೆ ಮೆಟ್ಟಿಲು ಇಳಿದ ಹಾಗೆ ಒಂದು ಬಿರುಕು. ಎಷ್ಟು ಅಗಲ ಅಂತ ನನಗೆ ಗೊತ್ತಾಗಲಿ ಎಂದು ಆ ಬಿರುಕಿನೊಳಗೆ ಒಂದು ರೂಪಾಯಿ ನಾಣ್ಯ ಸಿಕ್ಕಿಸಿ ಫೋಟೊ ತೆಗೆದಿದ್ದ. ನಾಣ್ಯ ಬೀಳದೆ ನಿಂತಿತ್ತು.

ಮೀಟಿಂಗ್ ಮ್ಯೂಟ್ ಮಾಡಿ ಮೇಸ್ತ್ರಿಗೆ ಫೋನ್ ಮಾಡಿದೆ. ಅವರು ನಮ್ಮೂರಿನವರೇ, ಅಪ್ಪನ ಜೊತೆ ಶಾಲೆಗೆ ಹೋದವರು. ಚಿಕ್ಕಂದಿನಿಂದ ನಾನು ಅವರನ್ನು ಚಿಕ್ಕಪ್ಪ ಅಂತಲೇ ಕರೆಯೋದು.

"ಏನಿಲ್ಲ ಬುಡವ್ವ, ಏರ್ ಕ್ರ್ಯಾಕ್ ಅದು. ಮಳೆಗೆ ಬರ್ತದೆ. ಪುಟ್ಟಿ ಹೊಡೆದ್ರೆ ಹೋಯ್ತು."

ಏರ್ ಕ್ರ್ಯಾಕ್. ಮನೆ ಕಟ್ಟಿಸಿದವರಿಗೆಲ್ಲ ಈ ಪದ ಗೊತ್ತಿರುತ್ತೆ. ನಾನೂ ನಂಬಿದೆ. ನಂಬದೆ ಇದ್ದರೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ, ಅದಕ್ಕೇ ನಂಬಿದೆ ಅಂದರೆ ಸರಿಯಾದೀತು.

ಹನ್ನೆರಡು ಚದರದ ಕನಸು

ನಮ್ಮೂರು ಅಂತರಘಟ್ಟೆ. ದುರ್ಗಾಂಬ ಜಾತ್ರೆಯಿಂದ ಆ ಹೆಸರು ಕೇಳಿರುತ್ತೀರಿ. ಫೆಬ್ರುವರಿ ಹೊತ್ತಿಗೆ ಭದ್ರಾವತಿ, ಶಿವಮೊಗ್ಗದ ಕಡೆಯಿಂದೆಲ್ಲ ಜನ ಎತ್ತಿನಗಾಡಿ ಕಟ್ಟಿಕೊಂಡು ಬರುತ್ತಾರೆ. ಜಾತ್ರೆ ಬಂತೆಂದರೆ ನಮ್ಮ ಮನೆಯಲ್ಲಿ ಕಾಲಿಡಲು ಜಾಗ ಇರೋದಿಲ್ಲ. ಮಣ್ಣಿನ ಗೋಡೆಯ ಹೆಂಚಿನ ಮನೆ, ಇರೋದು ಎರಡು ಕೋಣೆ. ನೆಂಟರು ಜಗಲಿ ಮೇಲೆ, ಗಾಡಿ ಕೆಳಗೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಮಲಗೋದು. "ಮುಂದಿನ ಜಾತ್ರೆಗೆ ಹೊಸ ಮನೇಲಿ ಎಲ್ಲರಿಗೂ ಊಟ ಹಾಕ್ಬೇಕು" ಅಂತ ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಹೇಳುತ್ತಿದ್ದ.

ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಐದು ವರ್ಷ ಆದ ಮೇಲೆ ಆ ಮಾತಿಗೆ ಕಾಲು ಬಂತು. ಹಳೆ ಮನೆಯ ಹಿತ್ತಲಲ್ಲಿ 12 ಚದರದ ಮನೆ. ಒಟ್ಟು 22 ಲಕ್ಷದ ಅಂದಾಜು. ಪಂಚಾಯ್ತಿಯಿಂದ ಇ-ಸ್ವತ್ತು ನಮೂನೆ 9, 11 ತೆಗೆಸಿ, ಬ್ಯಾಂಕಿನಲ್ಲಿ ನನ್ನ ಮತ್ತು ಅಪ್ಪನ ಹೆಸರಲ್ಲಿ 14 ಲಕ್ಷ ಸಾಲ ಮಾಡಿದೆವು. ತಿಂಗಳಿಗೆ 12 ಸಾವಿರ ಚಿಲ್ಲರೆ ಕಂತು, 20 ವರ್ಷ. ಉಳಿದದ್ದು ಅಪ್ಪನ ಅಡಿಕೆ, ಕೊಬ್ಬರಿ ದುಡ್ಡು.

ಪ್ಲಾನ್ ಬರೆದುಕೊಟ್ಟ ಎಂಜಿನಿಯರ್ ಒಂದು ಮಾತು ಹೇಳಿದ್ದರು. "ಜಾಗಕ್ಕೆ ಬಂದು ಮಣ್ಣು ನೋಡಿ, ಪಾಯ, ಕಂಬ, ತಾರಸಿ ಹಾಕುವಾಗ ಒಂದೊಂದು ಸಲ ಬಂದು ಹೋಗ್ತೀನಿ. ಎಲ್ಲ ಸೇರಿ 35 ಸಾವಿರ ಆಗುತ್ತೆ."

ಬೇಡ ಅಂದವಳು ನಾನು. ಊರಲ್ಲಿ ಅರ್ಧ ಮನೆ ಕಟ್ಟಿದ ಮೇಸ್ತ್ರಿ ನಮ್ಮ ಕೈಯಲ್ಲೇ ಇರುವಾಗ, ನಾಲ್ಕು ಸಲ ಬಂದು ಹೋಗೋದಕ್ಕೆ 35 ಸಾವಿರ ಯಾಕೆ ಅನ್ನಿಸಿತು. ಅದೇ ತಿಂಗಳು ಮಾಡ್ಯುಲರ್ ಕಿಚನ್‌ಗೆ 40 ಸಾವಿರ ಅಡ್ವಾನ್ಸ್ ಕೊಟ್ಟೆ. ಅದು ಜಾಸ್ತಿ ಅನ್ನಿಸಲಿಲ್ಲ.

ನೀರಿಲ್ಲದ ವರ್ಷ

2023ರ ಅಕ್ಷಯ ತದಿಗೆಗೆ ಗುದ್ದಲಿ ಪೂಜೆ ಆಯಿತು. ಮೇ ತಿಂಗಳಲ್ಲಿ ಪಾಯ. ಆಮೇಲೆ ಮಳೆ ಬರಲೇ ಇಲ್ಲ.

ಆ ವರ್ಷ ನಿಮಗೂ ನೆನಪಿರಬಹುದು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ನಮ್ಮ ಬೋರ್‌ವೆಲ್ ಸೆಪ್ಟೆಂಬರ್ ಹೊತ್ತಿಗೆ ಅರ್ಧ ಗಂಟೆ ಓಡಿದರೆ ಗಾಳಿ ಕಕ್ಕೋಕೆ ಶುರು ಮಾಡಿತು. ಅಕ್ಟೋಬರ್‌ನಲ್ಲಿ ಕಂಬ ಎರೆಯುವ ಹೊತ್ತಿಗೆ ಕರೆಂಟಿನ ಕಣ್ಣಾಮುಚ್ಚಾಲೆ ಬೇರೆ. ಮನೆಗೆ ಟ್ಯಾಂಕರ್ ನೀರು ತರಿಸುತ್ತಿದ್ದೆವು.

ನಾನು ಎಲ್ಲವನ್ನೂ ವಿಡಿಯೊ ಕಾಲ್‌ನಲ್ಲಿ ನೋಡುತ್ತಿದ್ದೆ. ಕಂಬಕ್ಕೆ ಗೋಣಿಚೀಲ ಸುತ್ತಿದ್ದು ಕಾಣುತ್ತಿತ್ತು. ಗೋಣಿಚೀಲ ಒದ್ದೆ ಇದೆಯಾ ಅಂತ ವಿಡಿಯೊದಲ್ಲಿ ಕಾಣೋದಿಲ್ಲ.

ಡಿಸೆಂಬರ್‌ನಲ್ಲಿ ತಾರಸಿ ಆಯಿತು. ಬ್ಯಾಂಕಿನ ಎಂಜಿನಿಯರ್ ಬಂದು ಫೋಟೊ ತೆಗೆದುಕೊಂಡು ಹೋದರು, ಮುಂದಿನ ಕಂತು ಬಿಡುಗಡೆ ಆಯಿತು. "ಬ್ಯಾಂಕಿನವರೇ ಚೆಕ್ ಮಾಡಿ ಓಕೆ ಅಂದ್ರು" ಅಂತ ನಾನು ಆಫೀಸಿನಲ್ಲಿ ಹೇಳಿಕೊಂಡು ತಿರುಗಿದೆ. ಅವರು ನೋಡೋದು ಕೆಲಸ ಎಲ್ಲಿವರೆಗೆ ಬಂದಿದೆ ಅಂತ, ಹೇಗೆ ಆಗಿದೆ ಅಂತ ಅಲ್ಲ. ಇದು ನನಗೆ ತಿಳಿದಿದ್ದು ಬಹಳ ತಡವಾಗಿ.

2024ರ ಮಾರ್ಚ್‌ಗೆ ಪ್ಲಾಸ್ಟರಿಂಗ್ ಮುಗಿಯಿತು. ಜೂನ್‌ನಲ್ಲಿ ಮಳೆ ಹಿಡಿಯಿತು. ಊರಿಗೆ ಊರೇ ಖುಷಿಯಾಗಿತ್ತು. ಜುಲೈನಲ್ಲಿ ತಮ್ಮನ ಫೋಟೊ ಬಂತು.

ಗಾಜಿನ ತುಂಡು

ಪುಟ್ಟಿ ಹಚ್ಚಿಸಿದೆವು. ಹತ್ತು ದಿನಕ್ಕೆ ಅದೇ ಜಾಗದಲ್ಲಿ, ಅದೇ ಮೆಟ್ಟಿಲಿನ ಹಾಗೆ ಬಿರುಕು ಮತ್ತೆ ಬಾಯಿ ಬಿಟ್ಟಿತು. ಈ ಸಲ ಹೊರಗಿನಿಂದಲೂ ಕಾಣುತ್ತಿತ್ತು. ಅಡುಗೆಮನೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳತೊಡಗಿತು.

ಶುಕ್ರವಾರ ರಾತ್ರಿ ರೈಲು ಹತ್ತಿ ಬೀರೂರಿನಲ್ಲಿ ಇಳಿದೆ. ಕಡೂರಿನ ಗೆಳತಿಯೊಬ್ಬಳ ತಂದೆ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಕೇಳಿಕೊಂಡಿದ್ದಕ್ಕೆ ಶನಿವಾರ ಬಂದರು. ಕೈಯಲ್ಲಿ ಒಂದು ಟಾರ್ಚು, ಒಂದು ಚಿಕ್ಕ ಸುತ್ತಿಗೆ, ಟ್ಯೂಬ್ ಲೆವೆಲ್, ಜೇಬಲ್ಲಿ ನಾಲ್ಕು ತೆಳು ಗಾಜಿನ ತುಂಡು.

"ಏರ್ ಕ್ರ್ಯಾಕ್ ಅಂತಾರೆ ಸರ್" ಅಂದೆ.

ಅವರು ನಕ್ಕರು. "ಅದು ಏರ್ ಅಲ್ಲಮ್ಮ, ಹೇರ್. ಕೂದಲೆಳೆ ಅಂತ. ಗಾರೆ ಬೇಗ ಒಣಗಿದರೆ ಮೈಮೇಲೆ ಕೂದಲಿನ ಹಾಗೆ ಗೆರೆ ಬರುತ್ತೆ. ಅದು ಪ್ಲಾಸ್ಟರ್ ದಾಟಿ ಒಳಗೆ ಹೋಗಲ್ಲ, ಪುಟ್ಟಿಗೆ ನಿಲ್ಲುತ್ತೆ. ಇದು ಓರೆಯಾಗಿ ಇಟ್ಟಿಗೆ ಸಂದಿ ಹಿಡಿದು ಇಳಿದಿದೆ, ಎರಡೂ ಕಡೆ ಕಾಣ್ತಿದೆ, ಬಾಗಿಲು ಕಚ್ಚುತ್ತಿದೆ. ಇದರ ಕತೆ ಬೇರೆ."

ಬಿರುಕಿಗೆ ಅಡ್ಡಲಾಗಿ ಎರಡು ಕಡೆ ಗಾಜಿನ ತುಂಡು ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿದರು. ಪಕ್ಕದಲ್ಲಿ ಪೆನ್ಸಿಲ್‌ನಿಂದ ತಾರೀಖು ಬರೆದರು. "ಬಿರುಕು ಸುಮ್ಮನೆ ಇದ್ದರೆ ಗಾಜು ಹಾಗೇ ಇರುತ್ತೆ. ಇನ್ನೂ ಅಗಲ ಆಗ್ತಿದ್ದರೆ ಒಡೆಯುತ್ತೆ. ಗಾಜಿಗೆ ಮುಲಾಜಿಲ್ಲ."

ಟ್ಯೂಬ್ ಲೆವೆಲ್ ಹಿಡಿದು ನೋಡಿದರೆ ಉಳಿದ ಮೂರು ಮೂಲೆಗಿಂತ ಆ ಮೂಲೆ 14 ಮಿಲಿಮೀಟರ್ ತಗ್ಗಿತ್ತು. ಮನೆಯ ಆಚೆ ಬಂದು, ಆ ಮೂಲೆಯ ನೆಲವನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು, "ಇಲ್ಲಿ ಮೊದಲು ಏನಿತ್ತು?"

ಅಪ್ಪ ಮಾತಾಡಲಿಲ್ಲ. ಮೇಸ್ತ್ರಿ ಚಿಕ್ಕಪ್ಪ ಬೀಡಿ ಹಚ್ಚೋಕೆ ಪಕ್ಕಕ್ಕೆ ತಿರುಗಿದರು.

ಹಳೆ ಮನೆಯ ಹಿತ್ತಿಲ ಬಾಗಿಲಲ್ಲಿ ಎಲೆಅಡಿಕೆ ಕುಟ್ಟುತ್ತಾ ಕೂತಿದ್ದ ಅಜ್ಜಿ ಹೇಳಿತು, "ತಿಪ್ಪೆಗುಂಡಿ. ನಾನು ಮದುವೆಯಾಗಿ ಬಂದಾಗಿಂದ ಅಲ್ಲೇ ಇತ್ತು. ಎಂಟು ದನ ಇದ್ವು ನಮ್ಗೆ. ಆಳುದ್ದ ಗುಂಡಿ ಅದು."

ನಾನು ಅಪ್ಪನ ಮುಖ ನೋಡಿದೆ.

"ಮುಚ್ಚಿ ಇಪ್ಪತ್ತೈದು ವರ್ಷ ಆಗಿತ್ತಲ್ಲವ್ವ. ಮಣ್ಣು ಕೂತಿರ್ತದೆ ಅನ್ಕಂಡೆ" ಅಂದ ಅಪ್ಪ.

ಎರಡು ವರ್ಷ ಮನೆ ಬಗ್ಗೆ ಮಾತಾಡಿದ್ದೆವು. ಟೈಲ್ಸ್ ಬಣ್ಣದ ಬಗ್ಗೆ ನಾನೂ ತಮ್ಮನೂ ಮುನಿಸಿಕೊಂಡಿದ್ದೆವು. ಆ ಹಿತ್ತಲಲ್ಲಿ ಅರವತ್ತು ವರ್ಷ ಓಡಾಡಿದ ಅಜ್ಜಿಯನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ.

ಅಗೆದಾಗ ಕಂಡದ್ದು

ಹನ್ನೊಂದನೇ ದಿನ ತಮ್ಮ ಫೋನ್ ಮಾಡಿದ. ಗಾಜು ಒಡೆದಿತ್ತು.

ಮಳೆ ಬಿಡುವು ಕೊಟ್ಟ ವಾರ ಎಂಜಿನಿಯರ್ ಸರ್ ಎದುರಲ್ಲೇ ಆ ಮೂಲೆಯ ಕಂಬದ ಪಕ್ಕ ಗುಂಡಿ ತೆಗೆಸಿದೆವು. ಮೊದಲ ಮೂರಡಿ ಕೆಂಪು ಮಣ್ಣು, ಅಪ್ಪ ತುಂಬಿಸಿದ್ದು. ಆಮೇಲೆ ಕಪ್ಪು. ಬೂದಿ, ಮಡಕೆ ಚೂರು, ಕೊಳೆತ ತೆಂಗಿನ ಮಟ್ಟೆ, ಹರಿದ ಪ್ಲಾಸ್ಟಿಕ್ ಚೀಲ. ಐದಡಿಗೆ ನಮ್ಮ ಪಾಯದ ಕಾಂಕ್ರೀಟು ಸಿಕ್ಕಿತು. ಅದರ ಕೆಳಗೂ ಅದೇ ಕಪ್ಪು ಮಣ್ಣು. ಹಾರೆ ಊರಿದರೆ ಸಲೀಸಾಗಿ ಇಳಿಯುತ್ತಿತ್ತು. ಗಟ್ಟಿ ನೆಲ ಸಿಕ್ಕಿದ್ದು ಒಂಬತ್ತಡಿಗೆ.

ಸರ್ ವಿವರಿಸಿದರು. ಮೂರು ಮೂಲೆ ಗಟ್ಟಿ ನೆಲದ ಮೇಲಿವೆ, ಒಂದು ಮಾತ್ರ ಕಸದ ಮೇಲೆ. ಬರಗಾಲದಲ್ಲಿ ಆ ಮಣ್ಣು ಒಣಗಿ ಬಿಗಿಯಾಗಿತ್ತು, ಭಾರ ಹೊತ್ತಿತ್ತು. ಮಳೆ ನೀರು ಇಳಿದ ಕೂಡಲೇ ಮೆತ್ತಗಾಗಿ ಕುಸಿಯಿತು. ಮನೆ ಪೂರ್ತಿ ಒಂದೇ ಸಮ ಕುಸಿದರೆ ಗೋಡೆ ಅಷ್ಟು ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಒಂದು ಕಾಲು ಮಾತ್ರ ಕುಸಿದರೆ ಮಂಚ ಕಿರುಗುಟ್ಟುವ ಹಾಗೆ ಗೋಡೆ ಹರಿಯುತ್ತದೆ.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಸರ್ ಕಂಬದ ಬುಡಕ್ಕೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಟೊಳ್ಳು ಸದ್ದು ಬಂತು. ಇನ್ನೆರಡು ಏಟಿಗೆ ಗಾರೆ ಕಳಚಿ ಬಿತ್ತು. ಒಳಗೆ ಜೇನುಹುಟ್ಟಿನ ಹಾಗೆ ತೂತು ತೂತು. ಜಲ್ಲಿ ಜಲ್ಲಿಯಾಗೇ ನಿಂತಿದೆ, ನಡುವೆ ಸಿಮೆಂಟ್ ಇಲ್ಲ. ಕಬ್ಬಿಣದ ಸರಳು ಬರಿಗಣ್ಣಿಗೆ ಕಾಣುತ್ತಿತ್ತು, ಆಗಲೇ ತುಕ್ಕಿನ ಬಣ್ಣ.

ಯಾರೋ ನೋಡಿ, ಗೊತ್ತಿದ್ದೇ, ಮೇಲೆ ಗಾರೆ ಸವರಿ ಮುಚ್ಚಿದ್ದರು.

"ಚಿಕ್ಕಪ್ಪ, ಇದು ನಿಮಗೆ ಗೊತ್ತಿತ್ತಾ?" ಅಂದೆ.

ಅವರು ತಲೆ ಎತ್ತಲಿಲ್ಲ. ಸೈಕಲ್ ಹತ್ತಿ ಹೊರಟುಹೋದರು. ಅವತ್ತು ರಾತ್ರಿ ಅಪ್ಪ ಊಟ ಮಾಡಲಿಲ್ಲ. ಅಮ್ಮ ತಟ್ಟೆಗೆ ಹಾಕಿದ್ದ ಮುದ್ದೆಯನ್ನು ಹಾಗೇ ಮುಚ್ಚಿಟ್ಟಳು.

ದೂರು ಬರೆಯಲು ಕೂತಾಗ

ಬೆಂಗಳೂರಿಗೆ ವಾಪಸ್ ಬಂದವಳಿಗೆ ಸಿಟ್ಟು ನೆತ್ತಿಗೇರಿತ್ತು. ಕೇಸ್ ಹಾಕೋದೇ ಸರಿ ಅಂತ ಕಾನೂನು ಓದಲು ಕೂತೆ.

ಮೊದಲು ರೇರಾ. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಹೇಳಿದರೆ, 30 ದಿನದಲ್ಲಿ ಪುಕ್ಕಟೆಯಾಗಿ ಸರಿಮಾಡಿಕೊಡಬೇಕು ಅಂತ 2016ರ ಆ ಕಾಯ್ದೆಯ 14(3)ನೇ ಕಲಮು ಹೇಳುತ್ತದೆ. ಆದರೆ ಅದು ಬಿಲ್ಡರ್‌ನಿಂದ ಫ್ಲ್ಯಾಟೋ ಮನೆಯೋ ಕೊಂಡವರಿಗೆ. ಸ್ವಂತ ಜಾಗದಲ್ಲಿ ಮೇಸ್ತ್ರಿ ಇಟ್ಟು ಕಟ್ಟಿಸಿಕೊಂಡ ನನ್ನಂಥವರಿಗೆ ಅಲ್ಲ.

ನಮಗಿರುವುದು ಗ್ರಾಹಕರ ಆಯೋಗ. 1993ರ ತಿದ್ದುಪಡಿಯಿಂದ ಮನೆ ನಿರ್ಮಾಣವೂ 'ಸೇವೆ' ಅನ್ನುವುದರೊಳಗೆ ಬಂದಿದೆ, 2019ರ ಹೊಸ ಕಾಯ್ದೆಯಲ್ಲೂ ಅದು ಉಳಿದಿದೆ. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ. 5 ಲಕ್ಷದವರೆಗೆ ಶುಲ್ಕ ಇಲ್ಲ. ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ವಕೀಲರು ಇರಲೇಬೇಕೆಂದಿಲ್ಲ. 2 ವರ್ಷದೊಳಗೆ ಕೊಡಬೇಕು.

ಆದರೆ ದಾಖಲೆ ಬೇಕಲ್ಲ? ನಮ್ಮ ಹತ್ತಿರ ಕರಾರುಪತ್ರ ಇರಲಿಲ್ಲ. ಕೊಟ್ಟಿದ್ದೆಲ್ಲ ನಗದು, ಲೆಕ್ಕ ಅಪ್ಪನ ಕ್ಯಾಲೆಂಡರ್ ಹಾಳೆಯ ಹಿಂದೆ. ಇದ್ದದ್ದು ನನ್ನ ಮೇಸ್ತ್ರಿಯ ವಾಟ್ಸಾಪ್ ಚಾಟ್ ಒಂದೇ. ಶುರುವಿನಿಂದ ಓದುತ್ತಾ, ಕೇಳುತ್ತಾ, ಬೇಕಾದ್ದನ್ನು ಸ್ಕ್ರೀನ್‌ಶಾಟ್ ತೆಗೆಯುತ್ತಾ ಬಂದೆ.

ಮೇ 2023ರಲ್ಲಿ ಅವರದ್ದೊಂದು ವಾಯ್ಸ್ ಮೆಸೇಜ್ ಇತ್ತು. ಹಿಂದೆ ಜೆಸಿಬಿ ಸದ್ದು.

"ಅವ್ವಾ, ಅಡುಗೆಮನೆ ಮೂಲೆ ಗುಂಡಿ ಐತಲ್ಲ, ಅಲ್ಲಿ ಮಣ್ಣು ಸಡ್ಲ ಐತೆ. ಇನ್ನೊಂದು ಮೂರ್ನಾಲ್ಕಡಿ ಇಳಿಸಿದ್ರೆ ಒಳ್ಳೇದು. ಜೆಸಿಬಿ ಇನ್ನರ್ಧ ದಿನ ಬೇಕಾಯ್ತದೆ, ಕಾಂಕ್ರೀಟೂ ಜಾಸ್ತಿ ಹಿಡೀತದೆ. ಏನ್ಮಾಡ್ಲಿ ಹೇಳು."

ಅದರ ಕೆಳಗೆ ನನ್ನ ಉತ್ತರ. ಒಂಬತ್ತು ಸೆಕೆಂಡು.

"ಚಿಕ್ಕಪ್ಪ, ಪ್ಲಾನ್‌ನಲ್ಲಿ ಐದಡಿ ಅಂತ ಇದೆ, ಐದಡಿನೇ ಸಾಕು. ಬಜೆಟ್ ಈಗಲೇ ಮೀರಿದೆ. ನಾನು ಮೀಟಿಂಗ್‌ನಲ್ಲಿದೀನಿ, ಆಮೇಲೆ ಮಾಡ್ತೀನಿ."

ಆಮೇಲೆ ನಾನು ಮಾಡಿರಲಿಲ್ಲ. ಇಂಥದ್ದೊಂದು ಮಾತು ನಡೆದಿತ್ತು ಅನ್ನುವುದೂ ನೆನಪಿರಲಿಲ್ಲ. ನನ್ನದೇ ದನಿ, ಎಷ್ಟು ಅವಸರ, ಎಷ್ಟು ಖಚಿತ. ಮೂರು ಸಲ ಕೇಳಿದೆ. ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಜಗಲಿ ಮೇಲಿನ ಪಂಚಾಯ್ತಿ

ಗಣೇಶನ ಹಬ್ಬಕ್ಕೆ ಊರಿಗೆ ಹೋದೆ. ಮೇಸ್ತ್ರಿಯನ್ನು ಕರೆಸಬೇಡ, ನಾವೇ ಹೋಗೋಣ ಅಂದ ಅಪ್ಪ. ಹೋದೆವು. ಅವರ ಹೆಂಡತಿ ಕಾಫಿ ಕೊಟ್ಟರು, ಯಾರೂ ಕುಡಿಯಲಿಲ್ಲ.

ನಾನೇ ಶುರು ಮಾಡಿದೆ. ಆ ವಾಯ್ಸ್ ಮೆಸೇಜ್ ಎರಡನ್ನೂ ಸ್ಪೀಕರ್‌ನಲ್ಲಿ ಹಾಕಿದೆ. ಅಪ್ಪ ಅದನ್ನು ಕೇಳಿದ್ದು ಅದೇ ಮೊದಲು.

"ಪಾಯದ್ದು ನನ್ನ ತಪ್ಪು ಚಿಕ್ಕಪ್ಪ. ನೀವು ಹೇಳಿದ್ರಿ, ನಾನು ಬೇಡ ಅಂದೆ. ಕಂಬದ್ದು ಹೇಳಿ."

ಬಹಳ ಹೊತ್ತು ಸುಮ್ಮನಿದ್ದರು. "ಅವತ್ತು ಕಂಬ ಎರೀವಾಗ ಕರೆಂಟ್ ಹೋಯ್ತು. ವೈಬ್ರೇಟರ್ ನಿಂತೋಯ್ತು. ಕಲಸಿದ್ದ ಮಾಲು ಗಟ್ಟಿ ಆಯ್ತದಲ್ಲ, ಸರಳಲ್ಲಿ ಚುಚ್ಚಿ ಚುಚ್ಚಿ ತುಂಬಿಸಿದ್ವಿ. ಮಾರನೆ ದಿನ ಶೀಟು ಬಿಚ್ಚಿದ್ರೆ ಹಿಂಗಾಗಿತ್ತು. ನಿಮ್ಮಪ್ಪ ಆಚೆ ಅಡಿಕೆ ತೋಟದಲ್ಲಿ ಒಣಗಿದ ಗಿಡ ಕಡೀತಾ ಇದ್ದ. ಅವನ್ನ ಕರೆದು ಇದನ್ನೂ ಒಡೀಬೇಕು ಕಣೋ ಅಂತ ಹೆಂಗೆ ಹೇಳ್ಲಿ? ಗಾರೆ ಸವರಿ ಮುಚ್ಚಿದೆ. ತಪ್ಪೇ ಅದು."

ಆಗ ಅಪ್ಪ ಬಾಯಿಬಿಟ್ಟ. ನನ್ನ ಕಡೆ ನೋಡದೆ ಹೇಳಿದ.

"ನನ್ದೂ ಐತೆ. ಕಂಬಕ್ಕೆ ಹೊಡೀಬೇಕಾಗಿದ್ದ ಟ್ಯಾಂಕರ್ ನೀರ್ನ ನಾನು ಅಡಿಕೆಗೆ ಬಿಟ್ಕಂಡೆ. ಎರಡು ದಿನ ಹೊಡೆದೆ, ಆಮೇಲೆ ನಿಲ್ಲಿಸ್ದೆ. ಹದಿನೈದು ವರ್ಷದ ಮರ ಅವು. ಕಣ್ಣೆದುರಿಗೆ ಒಣಗ್ತಾ ಇದ್ರೆ ಕಲ್ಲುಕಂಬಕ್ಕೆ ನೀರು ಹೊಡೆಯಕ್ಕೆ ಮನಸು ಬರ್ಲಿಲ್ಲ. ನೀನು ಫೋನಲ್ಲಿ ಕೇಳ್ದಾಗೆಲ್ಲ ಹೂಂ ಅಂತಿದ್ದೆ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ನನ್ನ ಎದುರಿಗೆ ಕೂತಿದ್ದ ಇಬ್ಬರೂ ನನಗಿಂತ ಮೂವತ್ತು ವರ್ಷ ದೊಡ್ಡವರು. ಇಬ್ಬರೂ ತಲೆ ತಗ್ಗಿಸಿ ಕೂತಿದ್ದರು. ಅದನ್ನು ನೋಡೋದಕ್ಕೆ ನನಗೆ ಆಗಲಿಲ್ಲ.

ಅವತ್ತು ಒಂದು ಒಪ್ಪಂದ ಆಯಿತು. ಸಾಮಾನಿನ ಖರ್ಚು, ಎಂಜಿನಿಯರ್ ಫೀಸು ನಮ್ಮದು. ಕೂಲಿ ಪೂರ್ತಿ ಅವರದ್ದು. ಎಂಜಿನಿಯರ್ ಇಲ್ಲದೆ ಒಂದು ಬುಟ್ಟಿ ಕಾಂಕ್ರೀಟೂ ಹಾಕುವಂತಿಲ್ಲ. ಈ ಸಲ ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಮಾಡಿದೆವು. ಅವರ ಹೆಂಡತಿ ಕಾಫಿ ಬಿಸಿ ಮಾಡಿ ತಂದರು.

ಮತ್ತೆ ಕಟ್ಟಿದ್ದು

ಭೂಮಿ ಒಣಗಲಿ ಅಂತ ದೀಪಾವಳಿವರೆಗೆ ಕಾದೆವು. ಆಮೇಲೆ ತೊಲೆ, ತಾರಸಿಗೆ ಕಬ್ಬಿಣದ ಜಾಕಿ ಕೊಟ್ಟು ಭಾರ ಹೊರಿಸಿದರು. ಆ ಕಂಬದ ಪಾಯದ ಕೆಳಗೆ ಅರ್ಧ ಭಾಗ ಮಾತ್ರ ಒಂಬತ್ತಡಿಯವರೆಗೆ ಅಗೆದು, ಕಸ ತೆಗೆದು, ಗಟ್ಟಿ ನೆಲದಿಂದ ಕಾಂಕ್ರೀಟು ತುಂಬಿಕೊಂಡು ಬಂದರು. ಅದು ಗಟ್ಟಿಯಾದ ಮೇಲೆ ಉಳಿದರ್ಧ. ಒಂದೇ ಸಲ ಪೂರ್ತಿ ಅಗೆದರೆ ಕಂಬ ಕೂತುಬಿಡುತ್ತದೆ ಅಂತ ಸರ್ ದಿನಾ ಹೇಳುತ್ತಿದ್ದರು. ಕಂಬದಲ್ಲಿ ಪುಡಿಯಾಗುವ ಭಾಗವನ್ನೆಲ್ಲ ಕೆತ್ತಿ ತೆಗೆದು, ಸರಳಿನ ತುಕ್ಕು ಉಜ್ಜಿ, ಸುತ್ತಲೂ ಹೊಸ ಸರಳು ಕಟ್ಟಿ, ಮತ್ತೊಂದು ಪದರ ಕಾಂಕ್ರೀಟು ಹಾಕಿದರು. ಮಿಕ್ಕ ಕಂಬಗಳನ್ನು ರೀಬೌಂಡ್ ಹ್ಯಾಮರ್ ಅನ್ನೋ ಉಪಕರಣದಿಂದ ಪರೀಕ್ಷಿಸಿದರು. ಅದು ಮೇಲ್ಮೈ ಎಷ್ಟು ಗಟ್ಟಿ ಇದೆ ಅಂತ ತೋರಿಸುತ್ತದೆ. ಇನ್ನೊಂದು ಕಂಬ ಸ್ವಲ್ಪ ದುರ್ಬಲ ಅಂತ ಬಂತು, ಅದಕ್ಕೂ ಪದರ ಕೊಟ್ಟರು.

ಖರ್ಚು 2 ಲಕ್ಷ 65 ಸಾವಿರ. ಮೇ 2023ರಲ್ಲೇ ಆ ನಾಲ್ಕಡಿ ಇಳಿಸಿದ್ದರೆ 25 ಸಾವಿರದಲ್ಲಿ ಮುಗಿಯುತ್ತಿತ್ತು ಅಂತ ಮೇಸ್ತ್ರಿ ಚಿಕ್ಕಪ್ಪನ ಲೆಕ್ಕ. ಮಾಡ್ಯುಲರ್ ಕಿಚನ್ ರದ್ದು ಮಾಡಿದೆ, ಅಡ್ವಾನ್ಸ್‌ನಲ್ಲಿ ಅರ್ಧ ವಾಪಸ್ ಬಂತು. ಅಪ್ಪ ರೇಟು ಏರಲಿ ಅಂತ ಅಟ್ಟದ ಮೇಲಿಟ್ಟಿದ್ದ ಕೊಬ್ಬರಿ ಮಾರಿದ.

2025ರ ಜಾತ್ರೆಗೆ ಹೊಸ ಮನೆ ಆಗಲಿಲ್ಲ. ನೆಂಟರು ಎಂದಿನಂತೆ ಬಂದರು, ಜಗಲಿ ಮೇಲೆ ಮಲಗಿದರು. "ಮನೆ ಯಾಕೆ ತಡ ಆಯ್ತು?" ಅಂತ ಕೇಳಿದವರಿಗೆಲ್ಲ ಅಪ್ಪ ಒಂದೇ ಮಾತು ಹೇಳಿದ. "ಪಾಯ ಸರಿ ಆಗಿರ್ಲಿಲ್ಲ, ಮತ್ತೆ ಹಾಕಿಸ್ದೆ." ಮೇಸ್ತ್ರಿ ಹೆಸರು ಎತ್ತಲಿಲ್ಲ. ನನ್ನದೂ ಎತ್ತಲಿಲ್ಲ.

ನೀವು ಕಟ್ಟಿಸುತ್ತಿದ್ದರೆ

ಊರಲ್ಲಿ ಮನೆ ಕಟ್ಟಿಸುತ್ತಾ, ಬೆಂಗಳೂರಿನಿಂದ ವಿಡಿಯೊ ಕಾಲ್‌ನಲ್ಲಿ ಉಸ್ತುವಾರಿ ಮಾಡುವ ನನ್ನಂಥವರು ಬಹಳ ಜನ ಇದ್ದೀರಿ. ನನಗೆ ದುಬಾರಿಯಾಗಿ ತಿಳಿದ ಕೆಲವು ಸಂಗತಿ ಹೇಳಿಬಿಡುತ್ತೇನೆ.

ಜಾಗದ ಹಳೆ ಕತೆ ಕೇಳಿ. ಹಳೆ ಬಾವಿ, ತಿಪ್ಪೆಗುಂಡಿ, ಮುಚ್ಚಿದ ಹಳ್ಳ, ಯಾವುದಿತ್ತು ಅಂತ ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಪಾಯ ಎಷ್ಟಡಿ ಅನ್ನೋದನ್ನು ಪ್ಲಾನ್ ಹಾಳೆ ಹೇಳಿದರೆ ಸಾಲದು, ಗುಂಡಿಯಲ್ಲಿರುವ ಮಣ್ಣು ಹೇಳಬೇಕು. ಅಜ್ಜಂಪುರದ ಕಡೆಯಂಥ ಎರೆಭೂಮಿ ಆದರಂತೂ ಎಂಜಿನಿಯರ್ ನೋಡದೆ ಪಾಯ ಹಾಕಬೇಡಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ.

ಕಂಬ ಎರೆಯುವ ದಿನ, ತಾರಸಿ ಹಾಕುವ ದಿನ, ಶೀಟು ಬಿಚ್ಚುವ ದಿನ ರಜೆ ಹಾಕಿ ಅಲ್ಲಿರಿ. ಎಲ್ಲಕ್ಕಿಂತ ಮುಖ್ಯ ಶೀಟು ಬಿಚ್ಚುವ ಬೆಳಿಗ್ಗೆ. ಗಾರೆ ಸವರುವ ಮೊದಲು ಪ್ರತಿ ಕಂಬದ ಫೋಟೊ ನಾಲ್ಕೂ ಕಡೆಯಿಂದ ತೆಗೆಯಿರಿ. ಜೇನುಗೂಡಿನಂತೆ ಕಂಡರೆ ಅವತ್ತೇ ಎಂಜಿನಿಯರ್‌ಗೆ ತೋರಿಸಿ.

ವೈಬ್ರೇಟರ್‌ಗೆ ಕರೆಂಟ್ ಹೋದರೆ ಏನು ಅನ್ನೋದನ್ನು ಹಿಂದಿನ ದಿನವೇ ಕೇಳಿ. ಕಂಬಕ್ಕೆ ಮಾಲನ್ನು ಒಂದೂವರೆ ಮೀಟರಿಗಿಂತ ಎತ್ತರದಿಂದ ಸುರಿಯಬಾರದು. ಕಲಸುವಾಗ ನೀರು ಜಾಸ್ತಿ ಹಾಕಿದರೆ ಸುಲಭವಾಗಿ ಹರಿಯುತ್ತದೆ, ಆದರೆ ಗಟ್ಟಿತನ ಹೋಗುತ್ತದೆ. ಮನೆಗಳಿಗೆ ಸಾಮಾನ್ಯವಾಗಿ ಬಳಸುವ ಎಂ20 ಮಿಶ್ರಣಕ್ಕೆ 50 ಕೆ.ಜಿ. ಸಿಮೆಂಟ್ ಚೀಲಕ್ಕೆ 30 ಲೀಟರ್ ನೀರು ಮೀರಬಾರದು ಎನ್ನುತ್ತದೆ ಐಎಸ್ 456 ಸಂಹಿತೆ.

ನೀರು ಹೊಡೆಯುವುದನ್ನು ಲೆಕ್ಕಕ್ಕೆ ಹಿಡಿಯಿರಿ. ಅದೇ ಸಂಹಿತೆ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿ ಥರದ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಒದ್ದೆಯಾಗಿರಬೇಕು. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನೀರಿಲ್ಲದ ವರ್ಷ ಆದರೆ ಕೆಲಸ ಎರಡು ತಿಂಗಳು ನಿಲ್ಲಿಸಿ, ಪರವಾಗಿಲ್ಲ. ಮರವೋ ಮನೆಯೋ ಅಂತ ಆರಿಸಿಕೊಳ್ಳುವ ಕಷ್ಟವನ್ನು ಅಪ್ಪನ ತಲೆಗೆ ಕಟ್ಟಬೇಡಿ.

ಬಿರುಕು ಕಂಡರೆ ಪುಟ್ಟಿಗಿಂತ ಮೊದಲು ಗಾಜು ಅಂಟಿಸಿ. ಮೇಸ್ತ್ರಿ ಎಷ್ಟೇ ಹತ್ತಿರದವರಾದರೂ ಒಂದು ಹಾಳೆಯಲ್ಲಿ ಕರಾರು ಬರೆಯಿರಿ, ಹಣ ಬ್ಯಾಂಕ್ ಮೂಲಕ ಕೊಡಿ. ಹತ್ತಿರದವರಾದರಂತೂ ಬರೆಯಲೇಬೇಕು. ನಮ್ಮ ಮನೆಯಲ್ಲಿ ಮೊದಲೇ ಒಂದು ಹಾಳೆ ಇದ್ದಿದ್ದರೆ ಆ ಇಬ್ಬರು ಗೆಳೆಯರು ಅವತ್ತು ತಲೆ ತಗ್ಗಿಸಿ ಕೂರಬೇಕಾಗಿರಲಿಲ್ಲ.

ಮೇಸ್ತ್ರಿ ಸೈಟಿನಿಂದ ಫೋನ್ ಮಾಡಿದಾಗ ಮೀಟಿಂಗ್‌ನಿಂದ ಎದ್ದು ಹೋಗಿ. ಐದು ನಿಮಿಷ ಸಾಕು.

ಹಾಲು ಉಕ್ಕಿದ ದಿನ

2025ರ ಅಕ್ಷಯ ತದಿಗೆ ದಿನ ಗೃಹಪ್ರವೇಶ ಆಯಿತು. ಏಪ್ರಿಲ್ 30. ಗುದ್ದಲಿ ಪೂಜೆಯಾಗಿ ಎರಡು ವರ್ಷ. ಅದೇ ಅಡುಗೆಮನೆಯಲ್ಲಿ ಹಾಲು ಉಕ್ಕಿಸಿದೆವು. ಮೊದಲ ಪಂಕ್ತಿಯಲ್ಲಿ ಅಪ್ಪನ ಪಕ್ಕ ಮೇಸ್ತ್ರಿ ಚಿಕ್ಕಪ್ಪ ಕೂತಿದ್ದರು. ಅಮ್ಮ ಅವರಿಗೆ ಹೊಸ ಪಂಚೆ, ಶರ್ಟು ಕೊಟ್ಟಳು. ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಅವರು ಮೊದಲಿನ ಹಾಗೆ ನನ್ನ ತಲೆ ಮೇಲೆ ಮೊಟಕುವುದಿಲ್ಲ, ಮಾತಾಡುವಾಗ ಒಂದು ಅಂತರ ಇದೆ. ಅದಕ್ಕೂ ನೀರು ಹೊಡೆಯುತ್ತಾ ಕಾಯಬೇಕೇನೋ.

ಗುಂಡಿಯಿಂದ ತೆಗೆದ ಕಪ್ಪು ಮಣ್ಣು ಎರಡು ಟ್ರ್ಯಾಕ್ಟರ್ ಲೋಡ್ ಆಗಿತ್ತು. ಎಲ್ಲಿ ಸುರಿಯೋದು ಅಂತ ನಾವು ಯೋಚಿಸುತ್ತಿದ್ದರೆ, "ಅಯ್ಯೋ ಹುಚ್ಚುಮುಂಡೇವಾ, ಇಂಥ ಗೊಬ್ಬರ ದುಡ್ಡು ಕೊಟ್ರೂ ಸಿಗಲ್ಲ" ಅಂತ ಅಜ್ಜಿ ಬೈದಿತ್ತು. ಪ್ಲಾಸ್ಟಿಕ್ ಆರಿಸಿ ತೆಗೆದು ಅಡಿಕೆ ಬುಡಕ್ಕೆ ಹಾಕಿಸಿದೆವು. ಬರಕ್ಕೆ ಹೋದ ಮರಗಳ ಜಾಗದಲ್ಲಿ ಅಪ್ಪ ಹೊಸ ಸಸಿ ನೆಟ್ಟಿದ್ದಾನೆ. ಚೆನ್ನಾಗಿ ಬರುತ್ತಿವೆ.

ಅಡುಗೆಮನೆಗೆ ಬಣ್ಣ ಹೊಡೆಯಲು ಬಂದ ಹುಡುಗ ಕಿಟಕಿ ಕೆಳಗಿದ್ದ ಗಾಜಿನ ತುಂಡು ಕೀಳಲು ಹೋಗಿದ್ದನಂತೆ. ದುರಸ್ತಿ ಆದ ಮೇಲೆ ಹೊಸದಾಗಿ ಅಂಟಿಸಿದ್ದು ಅದು. ಅಪ್ಪ ಬಿಡಲಿಲ್ಲ. ಸುತ್ತ ಬಣ್ಣ ಹೊಡೆದು ಅದೊಂದನ್ನು ಹಾಗೇ ಬಿಟ್ಟಿದ್ದಾರೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದ ತಾರೀಖೂ ಇದೆ.

ಈ ಮಳೆಗಾಲ ಮುಗಿದ ಮೇಲೆ ತಮ್ಮ ಮತ್ತೆ ಒಂದು ಫೋಟೊ ಕಳಿಸಿದ. ಈ ಸಲ ಮೀಟಿಂಗ್‌ನಿಂದ ಎದ್ದು ಹೊರಗೆ ಹೋಗಿ, ದೊಡ್ಡದು ಮಾಡಿ ನೋಡಿದೆ. ಗಾಜು ಒಡೆದಿರಲಿಲ್ಲ.